ದುಬಾರಿ ಸಿಗಾರ್ ಯಾಕೆ ಕೈಕೊಡುತ್ತದೆ? ಸುತ್ತುವಾಗ ಆದ ತಪ್ಪು ಬಾಯಿಗೆ ಬರುವ ಬಗೆ

ಯಾರೋ ಖುಷಿಯಿಂದ ಕೊಟ್ಟ ಸಿಗಾರ್ ಅದು. ಮುಟ್ಟಿದರೆ ರೇಷ್ಮೆಯಂಥ ಎಲೆ, ತಲೆಯ ಹತ್ತಿರ ಬಂಗಾರದ ಬಣ್ಣದ ಪಟ್ಟಿ. ತುದಿ ಕತ್ತರಿಸಿ, ಕಡ್ಡಿ ಗೀರಿ, ಬಾಯಿಗಿಟ್ಟು ಎಳೆದೆ. ಏನೂ ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಕೆನ್ನೆ ಒಳಗೆ ಹೋಯಿತೇ ಹೊರತು ಹೊಗೆ ಬರಲಿಲ್ಲ. ಹತ್ತು ನಿಮಿಷ ಒದ್ದಾಡಿದ ಮೇಲೆ ಸಿಕ್ಕಿದ್ದು ಒಂದೆಳೆ ಕಹಿ ಹೊಗೆ, ಜೊತೆಗೆ ತಲೆನೋವು. "ನಿಂಗೆ ಸೇದೋಕೆ ಬರಲ್ಲ ಬಿಡು" ಅಂದ ಪಕ್ಕದಲ್ಲಿದ್ದ ಗೆಳೆಯ. ಅವನ ಕೈಗೇ ಕೊಟ್ಟೆ. ಅವನ ಕೆನ್ನೆಯೂ ಒಳಗೆ ಹೋಯಿತು.

ಮೊದಲ ಸಲ ಒಳ್ಳೆಯ ಸಿಗಾರ್ ಹಿಡಿದವರಲ್ಲಿ ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ಒಂದೋ ತಮಗೆ ಸೇದಲು ಬರುವುದಿಲ್ಲ ಅಂದುಕೊಳ್ಳುತ್ತಾರೆ, ಇಲ್ಲವೇ ಸಿಗಾರ್ ಅಂದರೆ ಇಷ್ಟೇ ಕಹಿ ಅಂದುಕೊಂಡು ಸುಮ್ಮನಾಗುತ್ತಾರೆ. ಎಷ್ಟೋ ಸಲ ತಪ್ಪು ಇವೆರಡರಲ್ಲೂ ಇರುವುದಿಲ್ಲ. ಅದನ್ನು ಸುತ್ತಿದ ರೀತಿಯಲ್ಲಿ ಇರುತ್ತದೆ. ರುಚಿಯ ಬಗ್ಗೆ ನಾವು ಮಾಡುವ ದೂರುಗಳಲ್ಲಿ ಬಹಳಷ್ಟು, ಬಿಡಿಸಿ ನೋಡಿದರೆ, ಗಾಳಿಯ ಬಗ್ಗೆ ಮಾಡುವ ದೂರುಗಳೇ.

ಒಳಗೆ ಏನಿರುತ್ತದೆ

ಪ್ರೀಮಿಯಂ ಸಿಗಾರ್ ಅಂದರೆ ಸಾಮಾನ್ಯವಾಗಿ ಕೈಯಿಂದ ಸುತ್ತಿದ್ದು, ಪೂರ್ತಿ ಹೊಗೆಸೊಪ್ಪಿನಿಂದಲೇ ಮಾಡಿದ್ದು. ಕಾಗದ ಇಲ್ಲ, ಫಿಲ್ಟರ್ ಇಲ್ಲ, ಪುಡಿಯೂ ಇಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉದ್ದುದ್ದ ಎಲೆಗಳು.

ಅದರಲ್ಲಿ ಮೂರು ಪದರ. ಒಳಗಿನ ತಿರುಳು ಫಿಲ್ಲರ್. ಅದನ್ನು ಬಿಗಿಯಾಗಿ ಹಿಡಿದು ಆಕಾರ ಕೊಡುವ ಎಲೆ ಬೈಂಡರ್. ಎಲ್ಲಕ್ಕಿಂತ ಹೊರಗೆ, ಕಣ್ಣಿಗೆ ಕಾಣುವ ತೆಳು, ನುಣುಪು ಎಲೆ ರ್ಯಾಪರ್. ಬಾಯಿಗಿಡುವ ತುದಿಯನ್ನು ತಲೆ ಅನ್ನುತ್ತಾರೆ. ಅಲ್ಲಿ ಎಲೆಯ ಸಣ್ಣ ಚೂರನ್ನು ಟೋಪಿಯ ಹಾಗೆ ಅಂಟಿಸಿರುತ್ತಾರೆ, ಅದು ಕ್ಯಾಪ್. ಬೆಂಕಿ ಹಚ್ಚುವ ತುದಿಗೆ ಪಾದ ಎಂದು ಹೆಸರು.

ಫಿಲ್ಲರ್ ಎಲೆಗಳೆಲ್ಲ ಒಂದೇ ತರಹದವಲ್ಲ. ಗಿಡದ ಮೇಲ್ಭಾಗದ ಎಲೆಗೆ ಬಿಸಿಲು ಜಾಸ್ತಿ. ಅದು ದಪ್ಪ, ಎಣ್ಣೆ ಜಾಸ್ತಿ, ಖಾರ ಜಾಸ್ತಿ, ಉರಿಯುವುದು ಮಾತ್ರ ನಿಧಾನ. ಇದನ್ನು ಲಿಗೇರೋ ಅನ್ನುತ್ತಾರೆ. ನಡುವಿನ ಎಲೆ ಸೆಕೋ, ಅದರದ್ದು ಪರಿಮಳದ ಕೆಲಸ. ಕೆಳಗಿನ ಎಲೆ ವೊಲಾಡೋ, ರುಚಿ ಕಡಿಮೆ, ಆದರೆ ಸುಲಭವಾಗಿ ಹೊತ್ತಿಕೊಂಡು ಉಳಿದ ಎಲೆಗಳನ್ನೂ ಉರಿಸುತ್ತದೆ. ಈ ಮೂರನ್ನೂ ಯಾವ ಅಳತೆಯಲ್ಲಿ, ಎಲ್ಲಿ ಇಡಬೇಕು ಅನ್ನುವುದೇ ಸುತ್ತುವವರ ಜಾಣ್ಮೆ. ನಿಧಾನಕ್ಕೆ ಉರಿಯುವ ಲಿಗೇರೋ ಸರಿಯಾಗಿ ನಡುಮಧ್ಯೆ ಕೂರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಳಿಯ ದಾರಿ

ಸೌದೆ ಒಲೆ ಹಚ್ಚಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಸೌದೆಯನ್ನು ಒತ್ತೊತ್ತಾಗಿ ತುರುಕಿದರೆ ಒಲೆ ಹೊಗೆಯಾಡುತ್ತದೆ, ಉರಿಯುವುದಿಲ್ಲ. ತೀರಾ ಬಿಡಿಬಿಡಿಯಾಗಿ ಇಟ್ಟರೆ ಧಗಧಗ ಉರಿದು ಬೇಗ ಬೂದಿಯಾಗುತ್ತದೆ. ಸಿಗಾರ್ ಕೂಡ ಹಾಗೇ. ಅದು ಎಲೆಯಲ್ಲೇ ಮಾಡಿದ ಒಲೆ, ಎಲೆಯಲ್ಲೇ ಮಾಡಿದ ಹೊಗೆಗೂಡು, ಎರಡೂ ಒಂದರಲ್ಲೇ.

ನೀವು ಎಳೆದಾಗ ಕೆಂಡದ ಮೂಲಕ ಗಾಳಿ ಒಳಗೆ ನುಗ್ಗುತ್ತದೆ. ಕೆಂಡ ಪ್ರಖರವಾಗುತ್ತದೆ. ಅದರ ಹಿಂದಿರುವ, ಇನ್ನೂ ಹೊತ್ತಿಕೊಳ್ಳದ ಎಲೆ ಬಿಸಿಯಾಗಿ ತನ್ನ ಎಣ್ಣೆ, ಪರಿಮಳ ಬಿಡುತ್ತದೆ. ಈ ಹೊಗೆ ಎಲೆಗಳ ಸಂದಿಯಲ್ಲಿ ನುಸುಳಿ ತಲೆಯ ಕಡೆ ಬರುವಾಗ ತಣ್ಣಗಾಗುತ್ತದೆ. ಅದರಲ್ಲಿದ್ದ ತೇವ, ಟಾರ್ ಒಂದಿಷ್ಟು ದಾರಿಯಲ್ಲೇ ಎಲೆಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಬಾಯಿಗೆ. ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲೇ ಇಟ್ಟು ಬಿಡುವುದು ರೂಢಿ.

ಎಲೆಗಳ ನಡುವಿನ ಈ ಸಂದಿಗಳೇ ಎಲ್ಲದರ ಗುಟ್ಟು. ಎಳೆದಾಗ ಗಾಳಿ ಎಷ್ಟು ಸಲೀಸಾಗಿ ಬರುತ್ತದೆ ಅನ್ನುವುದನ್ನು ಡ್ರಾ ಅನ್ನುತ್ತಾರೆ. ಇಲ್ಲಿ ಒಂದು ಲೆಕ್ಕ ನೋಡಿ. ಸಣ್ಣ ದುಂಡು ಕೊಳವೆಯೊಂದರ ಅಗಲವನ್ನು ಅರ್ಧಕ್ಕೆ ಇಳಿಸಿ, ಮೊದಲಿನಷ್ಟೇ ಬಲ ಹಾಕಿ ಎಳೆದರೆ ಬರುವ ಗಾಳಿ ಅರ್ಧ ಆಗುವುದಿಲ್ಲ. ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಿಗಾರಿನ ಸಂದಿಗಳು ಅಷ್ಟು ನೀಟಾದ ಕೊಳವೆಗಳೇನಲ್ಲ, ಆದರೂ ಸ್ವಭಾವ ಅದೇ. ಹಾಗಾಗಿ ಒಂದೇ ಒಂದು ಎಲೆ ಜಾಸ್ತಿ ತುರುಕಿದರೂ ಬಾಯಿಗೆ ಅದು ದೊಡ್ಡ ವ್ಯತ್ಯಾಸವಾಗಿ ಕಾಣುತ್ತದೆ.

ಕಟ್ಟಿಕೊಂಡ ಸಿಗಾರ್

ನೆಗಡಿ ಬಂದಾಗ ಮೂಗು ಕಟ್ಟುತ್ತಲ್ಲ, ಹಾಗೆ ಸಿಗಾರ್ ಕೂಡ ಕಟ್ಟಿಕೊಳ್ಳುತ್ತದೆ. ಎಲ್ಲ ದೋಷಗಳಲ್ಲಿ ಜನ ಜಾಸ್ತಿ ಬೈಯುವುದು ಇದನ್ನೇ. ಯಾಕೆಂದರೆ ಉಳಿದ ದೋಷಗಳಿದ್ದರೂ ಹೇಗೋ ಸೇದಬಹುದು, ಇದರಲ್ಲಿ ಸೇದಲಿಕ್ಕೇ ಆಗುವುದಿಲ್ಲ.

ಕಾರಣ ತಿಳಿಯಬೇಕಾದರೆ ಸುತ್ತುವ ಕೈಗಳನ್ನು ನೋಡಬೇಕು. ಫಿಲ್ಲರ್ ಎಲೆಗಳನ್ನು ಜೋಡಿಸಲು ಕೆಲವು ದಾರಿಗಳಿವೆ. ಪ್ರತಿ ಎಲೆಯನ್ನೂ ಬೇರೆ ಬೇರೆಯಾಗಿ ಸಣ್ಣ ಕೊಳವೆಯ ಹಾಗೆ ಸುರುಳಿ ಮಾಡಿ ಒಟ್ಟಿಗೆ ಹಿಡಿಯುವುದು ಒಂದು. ಇದಕ್ಕೆ ಎಂತುಬಾದೋ ಅನ್ನುತ್ತಾರೆ. ಸಮಯ ಹಿಡಿಯುತ್ತದೆ, ಕೈ ಪಳಗಿರಬೇಕು, ಆದರೆ ಗಾಳಿಗೆ ತಲೆಯಿಂದ ಪಾದದವರೆಗೆ ನೇರ ದಾರಿ ಸಿಗುತ್ತದೆ. ಎಲೆಗಳನ್ನು ನೆರಿಗೆ ನೆರಿಗೆಯಾಗಿ ಮಡಿಸುವುದು ಇನ್ನೊಂದು. ಮೂರನೆಯದು ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಇಟ್ಟು ಮಡಚುವುದು. ಬೇಗ ಮುಗಿಯುತ್ತದೆ, ಆದರೆ ಮಡಿಕೆಯ ಕಡೆ ಎಲೆ ಒತ್ತೊತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ ಕೂರುವ ಅಪಾಯ ಇದೆ.

ಈ ಕಟ್ಟನ್ನು ಬೈಂಡರಿನಲ್ಲಿ ಸುತ್ತಿ, ಮರದ್ದೋ ಪ್ಲಾಸ್ಟಿಕ್ಕಿನದ್ದೋ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ತೆಗೆದು, ತಿರುಗಿಸಿಟ್ಟು, ಮತ್ತೆ ಒತ್ತುತ್ತಾರೆ. ಎಲೆ ಜಾಸ್ತಿ ಹಾಕಿದ್ದರೆ, ಕಟ್ಟು ಹಿಡಿಯುವಾಗ ಕೈ ಒಂಚೂರು ತಿರುಚಿದ್ದರೆ, ಒಳಗಿನ ಎಲೆಯ ನಡುದಂಟು ಪೂರ್ತಿ ತೆಗೆಯದೆ ಉಳಿದಿದ್ದರೆ ತೊಂದರೆ ಶುರು. ಅಚ್ಚಿನಿಂದ ಹೊರಬಂದ ಸಿಗಾರ್ ಮಾತ್ರ ಮೇಲ್ನೋಟಕ್ಕೆ ಅಚ್ಚುಕಟ್ಟಾಗಿಯೇ ಇರುತ್ತದೆ.

ನನ್ನ ಆ ಉಡುಗೊರೆ ಸಿಗಾರನ್ನು ಕೊನೆಗೆ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಪಾದದಿಂದ ಅರ್ಧದವರೆಗೆ ಎಲೆಗಳು ಸಡಿಲವಾಗಿ, ಸಲೀಸಾಗಿ ಬಿಚ್ಚಿಕೊಂಡವು. ಪಟ್ಟಿಯ ಹತ್ತಿರ ಬಂದರೆ ಅಲ್ಲೊಂದು ಗಂಟು. ಒಂದು ಎಲೆ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು, ಅದರೊಳಗೆ ಬೆಂಕಿಕಡ್ಡಿ ದಪ್ಪದ ದಂಟು. ಆ ಜಾಗದಲ್ಲಿ ಎಲೆ ಒದ್ದೆಯಾಗಿ ಕಪ್ಪಗಿತ್ತು. ಮುಂದೆ ಹೋಗಲಾರದ ಹೊಗೆ ಅಲ್ಲೇ ನಿಂತು ಟಾರ್ ಬಿಟ್ಟಿತ್ತು. ಉಳಿದ ಎಲೆಯನ್ನು ಮೂಸಿದರೆ ಎಷ್ಟು ಒಳ್ಳೆಯ ವಾಸನೆ! ಅದೇ ಹೊಟ್ಟೆ ಉರಿಸಿದ್ದು.

ಬಾಯಿಗೆ ಕಹಿ ಬರುವುದು ಹೇಗೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಗಾಳಿ ಸಾಲದೆ ಕೆಂಡ ಮಂಕಾಗುತ್ತದೆ, ಎಲೆ ಅರೆಬರೆ ಸುಡುತ್ತದೆ. ಹೊಗೆ ಸಾಲದ್ದಕ್ಕೆ ನಾವು ಮೇಲಿಂದ ಮೇಲೆ ಜೋರಾಗಿ ಎಳೆಯುತ್ತೇವೆ. ಎಳೆದಷ್ಟೂ ತೇವ, ಟಾರ್ ಆ ಗಂಟಿನಲ್ಲಿ ಸೇರಿಕೊಳ್ಳುತ್ತದೆ. ದಾರಿ ಇನ್ನೂ ಕಿರಿದಾಗುತ್ತದೆ. ನಡುವೆ ಸಿಗಾರ್ ಆರಿ ಹೋಗುತ್ತದೆ. ಮತ್ತೆ ಹಚ್ಚಿದಾಗ ತಣ್ಣಗಾಗಿದ್ದ ಹಳೇ ಹೊಗೆಯ ಕೊಳೆ ಮತ್ತೆ ಬಿಸಿಯಾಗಿ ನಾಲಗೆಗೆ ಬರುತ್ತದೆ. ಎಲೆಯ ನಿಜವಾದ ರುಚಿ ನಮಗೆ ಸಿಕ್ಕೇ ಇರುವುದಿಲ್ಲ, ಆದರೂ "ಈ ಸಿಗಾರ್ ಕಹಿ" ಅಂತ ತೀರ್ಪು ಕೊಟ್ಟಿರುತ್ತೇವೆ.

ಸಣಕಲು ಸಿಗಾರುಗಳಲ್ಲಿ ಈ ಅಪಾಯ ಜಾಸ್ತಿ. ಸಿಗಾರಿನ ದಪ್ಪವನ್ನು ಇಂಚಿನ 64ನೇ ಒಂದು ಪಾಲಿನ ಲೆಕ್ಕದಲ್ಲಿ ಹೇಳುತ್ತಾರೆ. ಇದು ರಿಂಗ್ ಗೇಜ್. 50 ರಿಂಗ್ ಗೇಜಿನ ರೋಬುಸ್ತೋ ಸುಮಾರು 20 ಮಿಲಿಮೀಟರ್ ದಪ್ಪ, 5 ಇಂಚಿನ ಆಸುಪಾಸು ಉದ್ದ. ಲಾನ್ಸೆರೋ ಅನ್ನುವ ತೆಳ್ಳನೆಯ ಜಾತಿ 38 ರಿಂಗ್ ಗೇಜ್, ಅಂದರೆ 15 ಮಿಲಿಮೀಟರ್, ಉದ್ದ ಮಾತ್ರ ಏಳೂವರೆ ಇಂಚು. ಎರಡನ್ನೂ ಅಡ್ಡಕ್ಕೆ ಕತ್ತರಿಸಿದರೆ ರೋಬುಸ್ತೋದಲ್ಲಿರುವ ಜಾಗದ 58 ಪರ್ಸೆಂಟ್ ಮಾತ್ರ ಲಾನ್ಸೆರೋದಲ್ಲಿ ಇರುತ್ತದೆ. ಕಮ್ಮಿ ಜಾಗ, ಜಾಸ್ತಿ ದೂರ. ಸುತ್ತುವವರ ಕೈಗೆ ತಪ್ಪು ಮಾಡಲು ಅಲ್ಲಿ ಅವಕಾಶವೇ ಇಲ್ಲ.

ಒಂದು ಕಾಲದಲ್ಲಿ ಇದು ಇಡೀ ಉದ್ಯಮದ ತಲೆನೋವಾಗಿತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರ್ ಹುಚ್ಚು ಏರಿತು. ಆ ದಶಕದ ಶುರುವಿನಲ್ಲಿ ವರ್ಷಕ್ಕೆ ಸುಮಾರು 10 ಕೋಟಿ ಪ್ರೀಮಿಯಂ ಸಿಗಾರ್ ಆಮದು ಮಾಡಿಕೊಳ್ಳುತ್ತಿದ್ದ ದೇಶ 1997ರ ಹೊತ್ತಿಗೆ 40 ಕೋಟಿ ದಾಟಿತು. ಅಷ್ಟು ಬೇಗ ಅಷ್ಟು ಪಳಗಿದ ಕೈಗಳು ಎಲ್ಲಿಂದ ಬರಬೇಕು? ಹೊಸಬರನ್ನು ತಂದು ಕೂರಿಸಿದರು. ಅಮೆರಿಕದ ನಿರ್ಬಂಧದಿಂದಾಗಿ ಆ ಮಾರುಕಟ್ಟೆಗೆ ಹೋಗಲಾಗದ ಕ್ಯೂಬಾ ಕೂಡ ದಶಕದ ಕೊನೆಗೆ ಉತ್ಪಾದನೆ ಏರಿಸಿತು. ಕಟ್ಟಿಕೊಂಡ ಸಿಗಾರುಗಳ ದೂರು ಎಲ್ಲ ಕಡೆಯಿಂದ ಬಂತು. 2000ದ ದಶಕದ ಶುರುವಿನಲ್ಲಿ ಕ್ಯೂಬಾದ ಕಾರ್ಖಾನೆಗಳಿಗೆ ಡ್ರಾ ಅಳೆಯುವ ಯಂತ್ರಗಳು ಬಂದವು. ರ್ಯಾಪರ್ ಸುತ್ತುವ ಮೊದಲೇ ಕಟ್ಟನ್ನು ಯಂತ್ರಕ್ಕೆ ಸಿಕ್ಕಿಸಿ, ಗಾಳಿ ಎಳೆಸಿ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡುತ್ತಾರೆ. ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಕಟ್ಟಬಹುದು. ರ್ಯಾಪರ್ ಹಾಕಿದ ಮೇಲೆ ಗೊತ್ತಾದರೆ ದುಬಾರಿ ಎಲೆಯೂ ಹಾಳು, ಅಲ್ವಾ?

ಸಡಿಲವಾದರೆ

ಇದು ತದ್ವಿರುದ್ಧ ಕಾಯಿಲೆ. ಒಳಗೆ ಎಲೆ ಸಾಲದು. ಬೆರಳಿನಲ್ಲಿ ಒತ್ತಿದರೆ ಕೆಲವು ಕಡೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎಳೆದರೆ ಖಾಲಿ ಕೊಳವೆಯಲ್ಲಿ ಎಳೆದ ಹಾಗೆ ಹೊಗೆ ದಬದಬ ಬರುತ್ತದೆ. ಮೊದಲಿಗೆ ಇದೇ ಚೆನ್ನಾಗಿದೆ ಅನ್ನಿಸಬಹುದು.

ಐದು ನಿಮಿಷ ಕಾಯಿರಿ. ಗಾಳಿ ಹೇರಳವಾಗಿ ಸಿಕ್ಕಿ ಕೆಂಡ ಬಿಸಿಯೇರುತ್ತದೆ. ಪರಿಮಳ ಮೆಲ್ಲಗೆ ಬಿಡುಗಡೆಯಾಗಬೇಕಾದ ಎಲೆ ಸುಟ್ಟು ಕರಕಲಾಗುತ್ತದೆ. ಹೊಗೆಗೆ ತಣ್ಣಗಾಗಲು ಸಮಯವೇ ಇಲ್ಲ, ನಾಲಗೆಯ ತುದಿ ಚುರುಚುರು ಅನ್ನುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರಬೇಕಾದ ರೋಬುಸ್ತೋ ಅರ್ಧ ಗಂಟೆಗೇ ಬೆರಳಿಗೆ ಬಿಸಿ ತಾಗಿಸುತ್ತದೆ. ಬೂದಿಯೂ ಹಿಡಿದುಕೊಂಡು ನಿಲ್ಲುವುದಿಲ್ಲ, ಚಕ್ಕೆ ಚಕ್ಕೆಯಾಗಿ ಅಂಗಿಯ ಮೇಲೆ ಉದುರುತ್ತದೆ.

ಎರಡರಲ್ಲಿ ಯಾವುದು ವಾಸಿ ಅಂತ ಕೇಳಿದರೆ ನಾನು ಸಡಿಲದ್ದನ್ನೇ ಆರಿಸುತ್ತೇನೆ. ಅದನ್ನು ನಿಧಾನಕ್ಕೆ ಸೇದಿ ಒಂದಿಷ್ಟು ಸುಧಾರಿಸಬಹುದು.

ಓರೆ ಉರಿ ಮತ್ತು ಸುರಂಗ

ಚೆನ್ನಾಗಿ ಸುತ್ತಿದ ಸಿಗಾರಿನಲ್ಲಿ ಉರಿಯ ಗೆರೆ ಸುತ್ತಲೂ ಹೆಚ್ಚುಕಡಿಮೆ ಸಮನಾಗಿ ಹಿಂದೆ ಸರಿಯುತ್ತದೆ. ಒಂದು ಪಕ್ಕ ಮುಂದೆ ಓಡಿ ಇನ್ನೊಂದು ಪಕ್ಕ ಹಿಂದೆ ಉಳಿದರೆ ತುದಿ ದೋಣಿಯ ಆಕಾರಕ್ಕೆ ಬರುತ್ತದೆ. ಇದಕ್ಕೆ ಕೆನೂಯಿಂಗ್ ಅನ್ನುತ್ತಾರೆ, ಅಂದರೆ ದೋಣಿಯಾಗುವುದು. ಈಗ ಲಿಗೇರೋ ನೆನಪು ಮಾಡಿಕೊಳ್ಳಿ. ನಡುವೆ ಕೂರಬೇಕಾದ ಆ ನಿಧಾನದ ಎಲೆ ಒಂದು ಪಕ್ಕಕ್ಕೆ ಸರಿದಿದ್ದರೆ ಆ ಪಕ್ಕ ಉರಿಯಲು ಹಟ ಮಾಡುತ್ತದೆ, ಎದುರು ಪಕ್ಕ ಓಡುತ್ತದೆ. ಒಂದು ಕಡೆ ಎಲೆ ಸಡಿಲವಿದ್ದರೂ ಇದೇ ಕಥೆ, ಗಾಳಿ ಸಲೀಸಾದ ದಾರಿ ಹಿಡಿಯುತ್ತದೆ.

ರುಚಿಯ ಲೆಕ್ಕ ಇಲ್ಲೇ ತಪ್ಪುವುದು. ಖಾರ, ಪರಿಮಳ, ಉರಿ ಈ ಮೂರೂ ಎಲೆಗಳು ಒಟ್ಟೊಟ್ಟಿಗೆ ಸುಟ್ಟರೆ ಮಾತ್ರ ಮಿಶ್ರಣ ಮಾಡಿದವರು ಅಂದುಕೊಂಡ ರುಚಿ ಬರುತ್ತದೆ. ಉರಿ ಓರೆಯಾದರೆ ಒಂದು ಹೊತ್ತಿನಲ್ಲಿ ಬರೀ ಸಪ್ಪೆ, ಇನ್ನೊಂದು ಹೊತ್ತಿನಲ್ಲಿ ಬರೀ ಖಾರ.

ಸುರಂಗದ್ದು ಬೇರೆ ಆಟ. ಹೊರಗಿನ ರ್ಯಾಪರ್ ಉರಿಯದೆ ನಿಂತಿರುತ್ತದೆ, ಒಳಗಿನ ಎಲೆ ಮಾತ್ರ ಸದ್ದಿಲ್ಲದೆ ಸುಟ್ಟುಕೊಂಡು ಹೋಗುತ್ತದೆ. ಹೊರಗಿಂದ ನೋಡಿದರೆ ಎಲ್ಲ ಸರಿ. ಹೊಗೆ ಸಪ್ಪೆಯಾಗಿ, ಬಿಸಿಯಾಗಿ ಬರುತ್ತಿದೆಯಲ್ಲ ಅಂತ ಪಾದದ ಕಡೆ ತಿರುಗಿಸಿ ನೋಡಿದರೆ ನಡುವೆ ತೂತು. ಫಿಲ್ಲರ್ ಎಲೆಗಳ ನಡುವೆ ಉದ್ದಕ್ಕೆ ಖಾಲಿ ಜಾಗ ಬಿಟ್ಟಿದ್ದರೆ, ರ್ಯಾಪರ್ ದಪ್ಪವೋ ತೇವವೋ ಆಗಿದ್ದರೆ ಹೀಗಾಗುತ್ತದೆ.

ಬೂದಿ ಉದುರಿಸಿದಾಗ ಕೆಂಡ ಸಣ್ಣ ಗೋಪುರದಂತೆ ಮುಂದೆ ಚಾಚಿಕೊಂಡಿದ್ದರೆ ಹೆದರಬೇಡಿ. ಅದು ಒಳ್ಳೆಯ ಲಕ್ಷಣ. ನಿಧಾನದ ಲಿಗೇರೋ ನಡುವೆಯೇ ಕೂತಿದೆ, ಅದರ ಸುತ್ತಲಿನ ಎಲೆ ಸ್ವಲ್ಪ ಮೊದಲು ಸುಡುತ್ತಿದೆ ಎಂದು ಅದರ ಅರ್ಥ.

ರ್ಯಾಪರ್ ಮತ್ತು ಕ್ಯಾಪ್

ರ್ಯಾಪರನ್ನು ಸಸ್ಯದಿಂದ ತೆಗೆದ, ರುಚಿಯಿಲ್ಲದ ಅಂಟಿನ ಒಂದು ಚೂರಿನಿಂದ ಅಂಟಿಸಿರುತ್ತಾರೆ. ಕ್ಯಾಪನ್ನು ಸರಿಯಾಗಿ ಕೂರಿಸದಿದ್ದರೆ ತುದಿ ಕತ್ತರಿಸಿದ ಕೂಡಲೇ ಎಲೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ತುಟಿಗೆ ಎಲೆಚೂರು ಅಂಟುತ್ತದೆ. ರ್ಯಾಪರ್ ಸೀಳಿದರೆ ಆ ಸೀಳಿನಿಂದ ಗಾಳಿ ಒಳಗೆ ಬರುತ್ತದೆ, ಕೆಂಡಕ್ಕೆ ಹೋಗಬೇಕಾದ ಎಳೆತ ಅಲ್ಲೇ ಸೋರುತ್ತದೆ. ತೂತಾದ ಸ್ಟ್ರಾದಲ್ಲಿ ಎಳೆದ ಹಾಗೆ. ಬೂದಿಯ ಬಣ್ಣದ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಬಣ್ಣಕ್ಕೆ ಗಿಡ ಬೆಳೆದ ಮಣ್ಣಿನ ಖನಿಜಗಳೂ ಕಾರಣ, ಅದರಿಂದ ಸುತ್ತಿದವರ ಕೈ ಅಳೆಯಲಾಗದು. ಬೂದಿ ಒಂದು ಇಂಚಿನವರೆಗೆ ಗಟ್ಟಿಯಾಗಿ ನಿಂತರೆ ಒಳಗೆ ಉದ್ದ ಎಲೆಗಳು ಚೆನ್ನಾಗಿ ಕೂತಿವೆ ಅನ್ನಬಹುದು, ಅಷ್ಟೇ.

ತಪ್ಪು ಸುತ್ತಿದವರದ್ದೋ, ನಮ್ಮದೋ?

ಎಲ್ಲವನ್ನೂ ಸುತ್ತಿದವರ ತಲೆಗೆ ಕಟ್ಟುವುದೂ ಸರಿಯಲ್ಲ. ಹೊಗೆಸೊಪ್ಪು ಗಾಳಿಯಲ್ಲಿರುವ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಸಿಗಾರುಗಳನ್ನು ತೇವ ಕಾಪಾಡುವ ಪೆಟ್ಟಿಗೆಯಲ್ಲಿ, ಅಂದರೆ ಹ್ಯೂಮಿಡಾರಿನಲ್ಲಿ, 65ರಿಂದ 70 ಪರ್ಸೆಂಟ್ ತೇವಾಂಶದ ಆಸುಪಾಸಿನಲ್ಲಿ ಇಡುವುದು ರೂಢಿ. ತೇವ ಜಾಸ್ತಿಯಾದರೆ ಎಲೆ ಉಬ್ಬಿ, ಚೆನ್ನಾಗಿ ಸುತ್ತಿದ್ದೂ ಕಟ್ಟಿಕೊಳ್ಳುತ್ತದೆ, ಓರೆ ಉರಿಯುತ್ತದೆ. ಒಣಗಿದರೆ ರ್ಯಾಪರ್ ಬಿರಿಯುತ್ತದೆ, ಹೊಗೆ ಬಿಸಿಯಾಗುತ್ತದೆ. ಕ್ಯಾಪ್ ತೀರಾ ಕಡಿಮೆ ಕತ್ತರಿಸಿದರೆ ಎಳೆತ ಬಿಗಿ, ಜಾಸ್ತಿ ಕತ್ತರಿಸಿದರೆ ಎಲೆ ಬಿಚ್ಚಿಕೊಳ್ಳುತ್ತದೆ. ಪಾದದ ಒಂದೇ ಪಕ್ಕಕ್ಕೆ ಬೆಂಕಿ ತಾಗಿಸಿದರೆ ಓರೆ ಉರಿ ನಾವೇ ತಂದುಕೊಂಡದ್ದು. ಗಡಿಬಿಡಿಯಲ್ಲಿ ಸೇದಿದರೂ ಬಿಸಿಯೇ. ನಿಮಿಷಕ್ಕೊಂದು ದಮ್ಮು ಸಾಕು.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಹಚ್ಚುವ ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಲೆಯಿಂದ ಪಾದದವರೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ಉದ್ದಕ್ಕೂ ಒಂದೇ ರೀತಿ ಸ್ವಲ್ಪ ಬಾಗಿ ಮತ್ತೆ ಮೇಲೆದ್ದರೆ ಒಳ್ಳೆಯದು. ಒಂದೇ ಜಾಗದಲ್ಲಿ ಕಲ್ಲಿನಂತೆ ಗಟ್ಟಿಯಿದ್ದರೆ ಅಲ್ಲಿ ಗಂಟಿರಬಹುದು, ಅದು ಸುತ್ತುವಾಗಿನ ತಪ್ಪು. ಇಡೀ ಸಿಗಾರೇ ಬಿಗಿಯಾಗಿ, ಒದ್ದೆ ಅನ್ನಿಸಿದರೆ ತೇವದ ಮೇಲೆ ಸಂಶಯ ಪಡಿ. ಪಾದವನ್ನು ನೋಡಿ, ಎಲೆಗಳ ಸುರುಳಿಗಳು ಬಿಡಿಬಿಡಿಯಾಗಿ ಕಾಣಬೇಕು. ಆಮೇಲೆ ತುದಿ ಕತ್ತರಿಸಿ, ಬೆಂಕಿ ಇಲ್ಲದೆ ಒಂದು ಸಲ ಎಳೆದು ನೋಡಿ. ಬಿಗಿ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಇನ್ನೂ ಹಚ್ಚಿಲ್ಲವಾದ್ದರಿಂದ ಮಾಡಲಿಕ್ಕೆ ದಾರಿಗಳಿರುತ್ತವೆ.

ಒಂದು ವಿಷಯ ಬೆರೆಸಬೇಡಿ. ಚೆನ್ನಾಗಿ ಸುತ್ತಿದ ಸಿಗಾರ್ ಅಂದರೆ ಕಡಿಮೆ ಹಾನಿಯ ಸಿಗಾರ್ ಅಲ್ಲ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಅಷ್ಟೇ ಅಲ್ಲ, ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕೆಟ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು.

ಕೈಕೊಟ್ಟ ಸಿಗಾರನ್ನು ಏನು ಮಾಡುವುದು

ಬಿಗಿ ಇದ್ದರೆ ಕ್ಯಾಪನ್ನು ಇನ್ನೊಂದು ಎಳೆಯಷ್ಟು ಕತ್ತರಿಸಿ ನೋಡಿ. ಆಗಲಿಲ್ಲವೇ, ಗಟ್ಟಿ ಜಾಗವನ್ನು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ, ಗಂಟು ಕೆಲವೊಮ್ಮೆ ಸಡಿಲುತ್ತದೆ. ಸಣ್ಣ ಮುಳ್ಳುಗಳಿರುವ ಉಕ್ಕಿನ ಸೂಜಿಗಳನ್ನು ಇದಕ್ಕೆಂದೇ ಮಾರುತ್ತಾರೆ. ತಲೆಯಿಂದ ನೇರವಾಗಿ ಒಳಗೆ ಬಿಟ್ಟು, ತಿರುಗಿಸಿ, ಹೊರಗೆಳೆದರೆ ಒಂದಿಷ್ಟು ಎಲೆಚೂರು ಜೊತೆಗೆ ಬರುತ್ತದೆ. ಓರೆಯಾಗಿ ಚುಚ್ಚಿದರೆ ರ್ಯಾಪರ್ ಹರಿದು ಇನ್ನೊಂದು ರಗಳೆ. ತೇವದ ತೊಂದರೆಯಾದರೆ ಹಚ್ಚದೆ, ಹ್ಯೂಮಿಡಾರಿನ ಹೊರಗೆ ಒಂದೆರಡು ದಿನ ಇಟ್ಟು ನೋಡಿ.

ದೋಣಿಯಾದರೆ ಹಿಂದುಳಿದ ಪಕ್ಕಕ್ಕೆ ಮಾತ್ರ ಬೆಂಕಿ ತೋರಿಸಿ. ಪಳಗಿದವರು ಆ ಪಕ್ಕವನ್ನು ಕೆಳಗೆ ತಿರುಗಿಸಿ ಹಿಡಿಯುತ್ತಾರೆ, ಕೆಳಗಿನ ಅಂಚು ಬೇಗ ಉರಿಯುತ್ತದೆ ಅನ್ನುವುದು ಅವರ ಅನುಭವ. ಸುರಂಗವಾಗಿದ್ದರೆ ತೂತಿನ ಭಾಗವನ್ನು ಪೂರ್ತಿ ಕತ್ತರಿಸಿ ಹೊಸದಾಗಿ ಹಚ್ಚುವುದೊಂದೇ ದಾರಿ. ಆರಿದ್ದನ್ನು ಮತ್ತೆ ಹಚ್ಚುವ ಮುಂಚೆ ತಲೆಯಿಂದ ಒಮ್ಮೆ ಊದಿ, ಒಳಗೆ ಕೂತ ಹಳೇ ಹೊಗೆ ಹೊರಗೆ ಹೋಗಲಿ.

ಕೈಯಿಂದ ಮಾಡಿದ ವಸ್ತು, ಒಂದು ಪೆಟ್ಟಿಗೆಯಲ್ಲಿ ಒಂದು ಕೆಟ್ಟದ್ದು ಸಿಕ್ಕಿದರೆ ಇಡೀ ಹೆಸರನ್ನೇ ತಳ್ಳಿಹಾಕಬೇಕಿಲ್ಲ. ಎರಡು, ಮೂರು ಅದೇ ರೀತಿ ಕಟ್ಟಿಕೊಂಡರೆ ಮಾರಿದವರಿಗೆ ಹೇಳಿ. ಆಗ ಆ ಸಿಗಾರುಗಳನ್ನು ಎಸೆಯದೆ ಇಟ್ಟುಕೊಂಡಿರಿ, ನೋಡಿದವರಿಗೆ ಗಂಟು ಎಲ್ಲಿದೆ ಅಂತ ತೋರಿಸಬಹುದು.

ಏನು ಮಾಡಿದರೂ ಆಗದಿದ್ದರೆ ಬಿಟ್ಟುಬಿಡಿ. ದುಡ್ಡು ಕೊಟ್ಟಿದ್ದೇವೆ ಅಂತ ಕೊನೆಯವರೆಗೆ ಕಹಿ ಎಳೆಯುವುದರಲ್ಲಿ ಅರ್ಥ ಇಲ್ಲ. ಸಿಗರೇಟಿನ ಹಾಗೆ ಒತ್ತಿ ಆರಿಸಲು ಮಾತ್ರ ಹೋಗಬೇಡಿ, ಕೋಣೆಯೆಲ್ಲ ನಾರುತ್ತದೆ. ಬೂದಿ ತಟ್ಟೆಯಲ್ಲಿ ಸುಮ್ನೆ ಇಟ್ಟರೆ ಕೆಲವು ನಿಮಿಷಗಳಲ್ಲಿ ತಾನಾಗಿಯೇ ಆರುತ್ತದೆ. ಕಟ್ಟಿಕೊಂಡದ್ದಾದರೆ ಇನ್ನೂ ಬೇಗ.